ದೈತ್ಯ ಕುಂಬಳ: ಹೋದ ವರ್ಷ ಮಿಡಿಗಳೆಲ್ಲ ಉದುರಿದವು, ಈ ಸಲ ಹೇಗೆ ಉಳಿಸಿಕೊಳ್ಳಲಿ?

ಸಾಗರದವಳು (ಮಿನ್ನೆಸೋಟ):

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿನಿಯಾಪೊಲಿಸ್ ಪಕ್ಕದಲ್ಲಿ. ಇಲ್ಲೇ ಹತ್ತಿರದ ಅನೋಕಾದ ಟ್ರಾವಿಸ್ ಗಿಂಜರ್ 2023ರಲ್ಲಿ 1,247 ಕಿಲೋ ಕುಂಬಳಕಾಯಿ ಬೆಳೆದು ವಿಶ್ವದಾಖಲೆ ಮಾಡಿದರಲ್ಲ, ಆವತ್ತಿನಿಂದ ನನ್ನ ಮಗನಿಗೆ ಅದೇ ಧ್ಯಾನ. ಅವನಿಗೆ ಈಗ ಒಂಬತ್ತು ವರ್ಷ. ಹೋದ ಬೇಸಿಗೆಯಲ್ಲಿ ಹಿತ್ತಲಲ್ಲಿ 20 ಅಡಿ ಉದ್ದ, 20 ಅಡಿ ಅಗಲ ಜಾಗ ಬಿಡಿಸಿ, ಅಂಗಡಿಯಿಂದ ಅಟ್ಲಾಂಟಿಕ್ ಜೈಂಟ್ ಬೀಜದ ಪೊಟ್ಟಣ ತಂದು ಮೂರು ಬಳ್ಳಿ ಹಾಕಿದೆವು. ಎಲೆ ಒಂದೊಂದೂ ಮೊರದಷ್ಟು ಅಗಲ ಬಂತು. ಹೂವೂ ಬೇಕಾದಷ್ಟು. ಮಿಡಿಗಳು ಮಾತ್ರ ನಿಂಬೆಹಣ್ಣಿನಷ್ಟಾಗುತ್ತಲೇ ಹಳದಿ ತಿರುಗಿ ಉದುರಿದವು. ಹನ್ನೊಂದು ಲೆಕ್ಕ ಇಟ್ಟಿದ್ದಾನೆ ಮಗ. ಕೊನೆಗೆ ಉಳಿದದ್ದು ಎರಡು. ದೊಡ್ಡದು 38 ಕಿಲೋ ತೂಗಿತು.

ನಮ್ಮ ಊರಲ್ಲಿ ಅಮ್ಮ ಚೀನಿಕಾಯಿ ಬೀಜವನ್ನು ತಿಪ್ಪೆ ಪಕ್ಕ ಸುಮ್ನೆ ಎಸೆಯುತ್ತಿದ್ದರು. ಬಳ್ಳಿ ಕೊಟ್ಟಿಗೆ ಮಾಡಿಗೆ ಹತ್ತುತ್ತಿತ್ತು, ಕಾಯಿ ತಾನಾಗಿ ಆಗುತ್ತಿತ್ತು. ಫೋನಿನಲ್ಲಿ ಹೇಳಿದರೆ ಅಮ್ಮ ಕೇಳಿದ್ದು ಒಂದೇ ಮಾತು, "ಮಗು ಮಿಡಿಗೆ ಬೆರಳು ತೋರಿಸಿ ಎಣಿಸಿತಾ?" ಹೌದು, ಹಾಗೇ ಎಣಿಸಿದ್ದು! ಅವನು ಅದನ್ನು ಕೇಳಿಸಿಕೊಂಡು ತನ್ನದೇ ತಪ್ಪು ಅಂತ ಎರಡು ದಿನ ಸಪ್ಪಗಿದ್ದ. ಅವನಿಗೆ ನಿಜವಾದ ಕಾರಣ ಹೇಳಬೇಕು. ಈ ಸಲ ಒಂದೇ ಒಂದು ಕಾಯಿ ಆದರೂ ಸರಿ, ಅವನಿಗಿಂತ ಭಾರ ಆಗಬೇಕು. ಎಲ್ಲಿಂದ ಶುರು ಮಾಡಲಿ?

ಅರಸೀಕೆರೆ ತೆಂಗಿನತೋಟ (ವಿಸ್ಕಾನ್ಸಿನ್):

ತಂಗಿ, ಮೊದಲು ಮಗನಿಗೆ ಹೇಳಿ, ಅವನ ಬೆರಳಿಂದ ಏನೂ ಆಗಿಲ್ಲ. ಹೆಣ್ಣು ಹೂ ಅರಳುವುದು ಒಂದೇ ಒಂದು ಬೆಳಿಗ್ಗೆ. ಅಷ್ಟರಲ್ಲಿ ಗಂಡು ಹೂವಿನ ಪುಡಿ ಸರಿಯಾಗಿ ಮುಟ್ಟದಿದ್ದರೆ ಆ ಮಿಡಿಯನ್ನು ಬಳ್ಳಿಯೇ ಬಿಟ್ಟುಬಿಡುತ್ತದೆ. ಊರಲ್ಲಿ ಆ ಕೆಲಸ ಜೇನು ಮಾಡುತ್ತಿತ್ತು, ನಾವು ನೋಡುತ್ತಿರಲಿಲ್ಲ, ಅಷ್ಟೇ. ಇಲ್ಲಿ ನೀವೇ ಮಾಡಿ. ಮಿಡಿ ಇರುವ ಮೊಗ್ಗು ತುದಿಯಲ್ಲಿ ಹಳದಿ ತಿರುಗಿದರೆ ನಾಳೆ ಅರಳುತ್ತದೆ ಅಂತ ಅರ್ಥ. ಸಂಜೆಯೇ ಅದಕ್ಕೆ ಮತ್ತು ಎರಡು ಗಂಡು ಮೊಗ್ಗಿಗೆ ತೆಳು ಬಟ್ಟೆ ಕಟ್ಟಿ. ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನೊಳಗೆ ಎಲ್ಲ ಹೋಳುಗಳಿಗೂ ಮೆತ್ತಗೆ ಸವರಿ. ನಾಲ್ಕು ಹೋಳಿರುತ್ತದೆ, ಒಮ್ಮೊಮ್ಮೆ ಐದು. ಒಂದನ್ನೂ ಬಿಡಬೇಡಿ. ಮತ್ತೆ ಬಟ್ಟೆ ಕಟ್ಟಿ. ಈ ಕೆಲಸವನ್ನು ಮಗನ ಕೈಯಲ್ಲೇ ಮಾಡಿಸಿ.

ಎರಡನೆಯದು, 400 ಚದರ ಅಡಿಗೆ ಮೂರು ಬಳ್ಳಿ ಜಾಸ್ತಿ ಆಯಿತು. ಒಂದೇ ಸಾಕು. ದೊಡ್ಡ ಬೆಳೆಗಾರರು ಒಂದು ಬಳ್ಳಿಗೆ ಸಾವಿರ ಚದರ ಅಡಿಯಷ್ಟು ಕೊಡುತ್ತಾರೆ. ಬೀಜ ಅಂಗಡಿಯದು ಬೇಡ. ಪೊಟ್ಟಣದ ಮೇಲೆ ಹೆಸರು ಅದೇ ಇರುತ್ತದೆ, ತಳಿಯೂ ಅದೇ, ಕೆನಡಾದ ನೋವಾ ಸ್ಕೋಶಿಯಾದ ಹೋವರ್ಡ್ ಡಿಲ್ ಅನ್ನುವ ರೈತ ವರ್ಷಗಟ್ಟಲೆ ಆರಿಸಿ ಆರಿಸಿ ಕಟ್ಟಿದ್ದು. ಆದರೆ ಬೆಳೆಗಾರರ ಹತ್ತಿರ ಸಿಗುವ ಬೀಜಕ್ಕೆ ತಾಯಿ ಯಾರು, ತಂದೆ ಯಾರು ಅಂತ ದಾಖಲೆ ಇರುತ್ತದೆ. ಬೀಜ ತೆಗೆದ ಕಾಯಿಯ ತೂಕ, ಬೆಳೆದವರ ಮನೆತನದ ಹೆಸರು, ವರ್ಷ, ಅದೇ ಬೀಜದ ಹೆಸರು. ಹೊಸಬರು ಅಂತ ಹೇಳಿದರೆ ಎಷ್ಟೋ ಜನ ಅಂಚೆ ಖರ್ಚಿಗೆ ಕಳಿಸುತ್ತಾರೆ. ನನಗೂ ಹಾಗೇ ಬಂತು.

ಏಪ್ರಿಲ್ ಕೊನೆಗೆ ಮನೆಯೊಳಗೆ ಕುಂಡದಲ್ಲಿ ಹಾಕಿ. ಬೀಜದ ಅಂಚನ್ನು ಉಗುರು ಉಜ್ಜುವ ಪಟ್ಟಿಯಿಂದ ಸ್ವಲ್ಪ ಉಜ್ಜಿ, ಮಣ್ಣು 30 ಡಿಗ್ರಿ ಹತ್ತಿರ ಬೆಚ್ಚಗಿರಲಿ, ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತದೆ. ಮೇ ಮಧ್ಯದಲ್ಲಿ ಹೊರಗೆ. ರಾತ್ರಿ ಹಿಮ ಬೀಳುವ ಭಯ ಇದ್ದರೆ ಮೇಲೆ ಪ್ಲಾಸ್ಟಿಕ್ ಗೂಡು ಕಟ್ಟಿ. ಅಷ್ಟರೊಳಗೆ ಮಣ್ಣಿನ ಪರೀಕ್ಷೆ ಮಾಡಿಸಿ, ನಿಮ್ಮ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲೇ ಲ್ಯಾಬ್ ಇದೆ. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, ಆರೂವರೆಯಿಂದ ಏಳರೊಳಗಿದ್ದರೆ ಒಳ್ಳೆಯದು.

ಈಗ ನನ್ನ ಮನಸ್ಸಿಗೆ ಹತ್ತಿರದ ಮಾತು. ಎಲ್ಲರೂ ಕಾಯಿ ನೋಡುತ್ತಾರೆ. ನೀವು ಬೇರು ನೋಡಿ. ಮುಖ್ಯ ಬಳ್ಳಿ ನೇರವಾಗಿ ಹೋಗಲಿ, ಎರಡೂ ಕಡೆ ಕವಲು ಹೋಗಲಿ, ಕವಲಿನಿಂದ ಹೊರಡುವ ಮರಿಕವಲನ್ನು ಮಾತ್ರ ಚಿವುಟಿ. ಪ್ರತಿ ಗೆಣ್ಣಿನ ಮೇಲೂ ಒಂದು ಬೊಗಸೆ ಮಣ್ಣು ಹಾಕಿ. ಗೆಣ್ಣು ಅಲ್ಲೇ ಬೇರು ಬಿಡುತ್ತದೆ. ಜೂನ್ ತಿಂಗಳಿಡೀ ನಾನು ಕೆಲಸದಿಂದ ಬಂದು ಮಾಡುವುದು ಇದೊಂದೇ. ಮೊದಲ ವರ್ಷ ಇದು ಗೊತ್ತಿರಲಿಲ್ಲ, 96 ಕಿಲೋ ಬಂತು. ಎರಡನೇ ವರ್ಷ ಗೆಣ್ಣುಗೆಣ್ಣಿಗೂ ಮಣ್ಣು ಕೊಟ್ಟೆ, 214. ಜಾಗ ಅದೇ, ಗೊಬ್ಬರ ಅದೇ.

ಬುಡದಿಂದ 10–12 ಅಡಿ ಮುಂದೆ, ಜುಲೈ ಮೊದಲ ವಾರದೊಳಗೆ ಕೂತ ಕಾಯಿಯನ್ನು ಉಳಿಸಿಕೊಳ್ಳಿ. ಉಳಿದದ್ದೆಲ್ಲ ಕತ್ತರಿಸಬೇಕು. ನನ್ನ ಹೆಂಡತಿ ಆ ದಿನ ಹಿತ್ತಲಿಗೆ ಬರುವುದೇ ಇಲ್ಲ. ಎಳೆ ಮಿಡಿ ಕತ್ತರಿಸುವುದು ಕಷ್ಟವೇ, ಆದರೂ ಮಾಡಿ. ಉಳಿಸಿಕೊಂಡ ಕಾಯಿಯ ಕೆಳಗೆ ಮರಳು ಹಾಸಿ. ಬಳ್ಳಿ ತೊಟ್ಟಿಗೆ ಅಡ್ಡವಾಗಿ ಇರುವಂತೆ ದಿನಾ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಇದನ್ನು ಮಧ್ಯಾಹ್ನದ ಮೇಲೆ ಮಾಡಿ. ಬೆಳಿಗ್ಗೆ ಬಳ್ಳಿಯಲ್ಲಿ ನೀರು ತುಂಬಿರುತ್ತದೆ, ಪಟ್ಟನೆ ಮುರಿಯುತ್ತದೆ. ಮೇಲೆ ಬಿಳಿ ಬಟ್ಟೆಯ ನೆರಳು ಕೊಡಿ, ಬಿಸಿಲಿಗೆ ಸಿಪ್ಪೆ ಗಟ್ಟಿಯಾದರೆ ಹಿಗ್ಗುವುದಿಲ್ಲ.

ನೀರು ಮಾತ್ರ ತಪ್ಪಿಸಬೇಡಿ. 2021ರ ಆಗಸ್ಟ್‌ನಲ್ಲಿ ನಾಲ್ಕು ದಿನ ನಾನು ಊರಲ್ಲಿರಲಿಲ್ಲ, ನೀರು ನಿಂತಿತ್ತು. ಬಂದವನೇ ಒಂದೇ ಸಲ ಧಾರಾಳವಾಗಿ ಬಿಟ್ಟೆ. ಅದೇ ರಾತ್ರಿ ಮಳೆಯೂ ಹೊಡೆಯಿತು. ಬೆಳಿಗ್ಗೆ ನೋಡಿದರೆ ತೊಟ್ಟಿನ ಪಕ್ಕದಿಂದ ಅಂಗೈ ಉದ್ದ ಬಿರುಕು, ಒಳಗಿನ ಬೀಜ ಕಾಣುತ್ತಿತ್ತು. ಟೇಪು ಹಿಡಿದು ಅಳೆದ ಲೆಕ್ಕದಲ್ಲಿ 260 ಕಿಲೋ ದಾಟಿತ್ತು. ಒಳಗಿನ ಪೊಳ್ಳಿನವರೆಗೆ ಬಿರುಕು ಹೋದರೆ ಸ್ಪರ್ಧೆಯಲ್ಲಿ ತೂಗುವುದಿಲ್ಲ. ಅವತ್ತು ನಾನು ಅತ್ತೆ, ಹೇಳಿಕೊಳ್ಳುವುದಕ್ಕೆ ನಾಚಿಕೆ ಇಲ್ಲ. ಮಗುವಿನ ಹಾಗೆ ದಿನಾ ಮುಟ್ಟಿ ನೋಡಿರುತ್ತೇವಲ್ಲ.

ಪುತ್ತೂರು ಹಿತ್ತಲು:

ನಮಸ್ತೆ ಅಣ್ಣ. ಈ ಬೀಜ ನಮ್ಮ ಕಡೆ ಹಾಕಿದರೆ ಬರುತ್ತದಾ? ನಮ್ಮಲ್ಲಿ ಜಾಗವೂ ಉಂಟು, ಸೆಗಣಿಯೂ ಉಂಟು. ಮತ್ತೆ ಚಿವುಟಿದ ಕುಡಿ ಏನು ಮಾಡುತ್ತೀರಿ? ಕುಡಿಯ ಪಲ್ಯ, ಹೂವಿನ ಪೋಡಿ ಎಷ್ಟು ಒಳ್ಳೆಯದಾಗುತ್ತದೆ.

ಅರಸೀಕೆರೆ ತೆಂಗಿನತೋಟ (ವಿಸ್ಕಾನ್ಸಿನ್):

ಬಳ್ಳಿ ಬರುತ್ತದೆ ತಾಯಿ, ಆದರೆ ಇಲ್ಲಿಯ ತೂಕ ಕಷ್ಟ. ಇಲ್ಲಿ ಜೂನ್‌ನಲ್ಲಿ ಹದಿನೈದು ಗಂಟೆಗೂ ಜಾಸ್ತಿ ಹಗಲು, ರಾತ್ರಿ ತಂಪು. ಎಲೆ ದಿನವಿಡೀ ದುಡಿದು ಕಾಯಿಗೆ ಕಳಿಸುತ್ತದೆ. ನಮ್ಮ ಕಡೆ ಹಗಲು ಹದಿಮೂರು ಗಂಟೆ ಮುಟ್ಟಿದರೆ ಹೆಚ್ಚು, ಬೇಸಿಗೆಯಲ್ಲಿ ಸೆಕೆಗೆ ಹೂವೇ ಉದುರುತ್ತದೆ, ಮಳೆಗಾಲದಲ್ಲಿ ಕಾಯಿ ಕೊಳೆಯುತ್ತದೆ. ಹಾಕುವುದಾದರೆ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ಹಾಕಿ ನೋಡಿ. ಅಡುಗೆಗೆ ಬೇಕಾದರೆ ಊರಿನ ಚೀನಿಕಾಯೇ ಮೇಲು. ಈ ದೈತ್ಯ ಕಾಯಿ ನೀರುನೀರು, ಸಿಹಿ ಕಡಿಮೆ, ನಾನು ಹುಳಿ ಮಾಡಿಸಿ ನೋಡಿದ್ದೇನೆ.

ಕುಡಿ ವಿಷಯ: ಇಲ್ಲಿ ಕಾಂಡ ಕೊರೆಯುವ ಹುಳದ ಕಾಟಕ್ಕೆ ಔಷಧಿ ಹೊಡೆಯುತ್ತೇವೆ. ಹೊಡೆದ ಬಳ್ಳಿಯ ಕುಡಿ, ಹೂ ಎರಡನ್ನೂ ತಿನ್ನಬೇಡಿ. ನಾನು ಪಲ್ಯಕ್ಕೆ ಅಂತಲೇ ಬೇಲಿ ಆಚೆ ಇನ್ನೊಂದು ಬಳ್ಳಿ ಬಿಟ್ಟಿದ್ದೇನೆ.

ಸಾಗರದವಳು (ಮಿನ್ನೆಸೋಟ):

ಅಣ್ಣ, ನಿಮ್ಮ ಉತ್ತರವನ್ನು ಮಗನಿಗೆ ಓದಿ ಹೇಳಿದೆ. ಹೆಣ್ಣು ಹೂ ಒಂದೇ ಬೆಳಿಗ್ಗೆ ಅರಳುತ್ತದೆ ಅಂದಾಗ ಅವನ ಮುಖ ನೋಡಬೇಕಿತ್ತು. "ಹಾಗಾದ್ರೆ ನಾನು ಐದು ಗಂಟೆಗೆ ಏಳ್ತೀನಿ" ಅಂದ. ಒಂದೇ ಬಳ್ಳಿ, ಒಂದೇ ಕಾಯಿ ಅನ್ನುವುದಕ್ಕೂ ಒಪ್ಪಿದ್ದಾನೆ. ಉಳಿದ ಮಿಡಿ ಕತ್ತರಿಸುವ ದಿನ ಏನಾಗುತ್ತದೋ ನೋಡಬೇಕು. ಮಣ್ಣನ್ನು ಲ್ಯಾಬ್‌ಗೆ ಕಳಿಸಲು ಡಬ್ಬಿಗೆ ತುಂಬಿದ್ದೇನೆ, ಹಿತ್ತಲಲ್ಲಿ ಇನ್ನೂ ಹಿಮ ಇದೆ, ಗುದ್ದಲಿಯಲ್ಲಿ ಒಡೆದು ತೆಗೆದೆವು.

ಅಮ್ಮ ಜೂನ್ 12ಕ್ಕೆ ಬರುತ್ತಿದ್ದಾರೆ. ಗೆಣ್ಣಿಗೆ ಮಣ್ಣು ಹಾಕುವುದು ನನ್ನ ಕೆಲಸ ಅಂತ ಈಗಲೇ ಹೇಳಿದ್ದಾರೆ. ಮಿಡಿ ಎಣಿಸುವುದಾದರೆ ಮುಷ್ಟಿ ಮಾಡಿಕೊಂಡು ಎಣಿಸಬೇಕಂತೆ, ಅದಕ್ಕೂ ಮಗ ಒಪ್ಪಿದ್ದಾನೆ.