ಪದಚರ್ಚೆ: ‘ಭಾಗಗಳ ಮೊತ್ತಕ್ಕಿಂತ ದೊಡ್ಡದು’ – ಇಲ್ಲಿ ‘ದೊಡ್ಡದು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಹಾಸನ ಜಿಲ್ಲೆಯ ಕೆರೆ ಬಳಕೆದಾರರಿಗಾಗಿ ಒಂದು ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಅದರ ಮೊದಲ ಪುಟದಲ್ಲೇ ಒಂದು ವಾಕ್ಯ ತೊಡರುತ್ತಿದೆ: ‘ವ್ಯವಸ್ಥೆಯು ತನ್ನ ಭಾಗಗಳ ಮೊತ್ತಕ್ಕಿಂತ ದೊಡ್ಡದು.’

ಸಿಸ್ಟಮ್ ಎನ್ನುವುದಕ್ಕೆ ‘ವ್ಯವಸ್ಥೆ’ ಸಾಕೇ ಎಂಬುದು ಮೊದಲ ಸಂದೇಹ. ಊರಿನಲ್ಲಿ ವ್ಯವಸ್ಥೆ ಅಂದರೆ ಊಟದ ವ್ಯವಸ್ಥೆ, ಮಲಗುವ ವ್ಯವಸ್ಥೆ, ಯಾರೋ ಮಾಡಿಕೊಡುವಂಥದ್ದು. ಶಾಲೆಯ ಪುಸ್ತಕಗಳಲ್ಲಾದರೋ ಅದೇ ಸಿಸ್ಟಮ್ ಸೌರವ್ಯೂಹದಲ್ಲಿ ವ್ಯೂಹ, ನರಮಂಡಲದಲ್ಲಿ ಮಂಡಲ, ದಶಮಾನದಲ್ಲಿ ಪದ್ಧತಿ, ಪರಿಸರದ ಮಾತು ಬಂದಾಗ ವ್ಯವಸ್ಥೆ. ಎರಡನೆಯದು ‘ದೊಡ್ಡದು’: ಯಾವುದರಲ್ಲಿ ದೊಡ್ಡದು? ಮೂರನೆಯದು, ಭಾಗಗಳು ಕೂಡಿದಾಗ ಮಾತ್ರ ತೋರುವ ಹೊಸ ಗುಣಕ್ಕೆ ಕರಡಿನಲ್ಲಿ ‘ಉದ್ಭವ ಗುಣಲಕ್ಷಣ’ ಎಂದಿದೆ. ಓದಿದವರಿಗೆ ಉದ್ಭವಮೂರ್ತಿಯೇ ಕಣ್ಣಮುಂದೆ ಬರುತ್ತದೆ. ವಿವರಣೆಗೆ ‘ಹನಿ ಹನಿ ಗೂಡಿದರೆ ಹಳ್ಳ’ ಎಂಬ ಗಾದೆ ಕೊಟ್ಟಿದ್ದಾರೆ. ಅದು ಹೊಂದುತ್ತದೆಯೇ? ತಿಳಿದವರು ದಯವಿಟ್ಟು ಬರೆಯಿರಿ.

– ಹಾಸನದಿಂದ

*

ಗಾದೆಯಿಂದಲೇ ಶುರು ಮಾಡೋಣ, ಏಕೆಂದರೆ ಗೊಂದಲದ ಬೇರು ಅಲ್ಲಿದೆ. ‘ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ’ ಹೇಳುವುದು ಶುದ್ಧ ಮೊತ್ತವನ್ನು. ಬಳ್ಳದಲ್ಲಿ ಇರುವುದು ತೆನೆಯಲ್ಲಿದ್ದ ಕಾಳೇ. ಅರ್ಧ ತೆಗೆದರೆ ಅರ್ಧ ಬಳ್ಳ ಉಳಿಯುತ್ತದೆ. ನಿಮಗೆ ಬೇಕಾದ ಮಾತು ‘ಎರಡು ಕೈ ಸೇರಿದರೆ ಚಪ್ಪಾಳೆ’. ಒಂದು ಕೈ ತೆಗೆದರೆ ಅರ್ಧ ಚಪ್ಪಾಳೆ ಉಳಿಯುವುದಿಲ್ಲ. ಪಾಲು ಮಾಡಿದಾಗ ಗುಣವೂ ಪಾಲಾಗಿ ಉಳಿದರೆ ಅದು ಮೊತ್ತ. ಇಲ್ಲವಾದರೆ ಅದು ಬೇರೆಯ ಜಾತಿ. ಕೈಪಿಡಿಯಲ್ಲಿ ಈ ಪರೀಕ್ಷೆಯನ್ನೇ ಕೊಡಬಹುದು.

‘ದೊಡ್ಡದು’ ಬೇಡ. ಆ ಮಾತು ಅರಿಸ್ಟಾಟಲ್‌ನದು ಎಂದು ಎಲ್ಲೆಡೆ ಬರೆಯುತ್ತಾರೆ. ಅವನು ಹೇಳಿದ್ದು ಇಡಿಯು ಬಿಡಿಗಳಲ್ಲದೆ ಇನ್ನೊಂದು ಎಂದು. 1935ರಲ್ಲಿ ಗೆಸ್ಟಾಲ್ಟ್ (ಗ್ರಹಿಕೆಯನ್ನು ಇಡಿಯಾಗಿ ನೋಡುವ) ಪಂಥದ ಮನೋವಿಜ್ಞಾನಿ ಕರ್ಟ್ ಕೊಫ್ಕಾ ಬರೆದದ್ದೂ ‘ಬೇರೆ’ ಎಂದೇ, ‘ಹೆಚ್ಚು’ ಎಂದಲ್ಲ. ಗಾತ್ರದ ಮಾತೇ ಇಲ್ಲಿಲ್ಲ. ಶ್ರವಣಬೆಳಗೊಳದ ಗೊಮ್ಮಟ ಎಷ್ಟು ದೊಡ್ಡದಾದರೂ ಒಂದೇ ಬಂಡೆ, ಜೋಡಿಸಿದ್ದಲ್ಲ. ಬೇಲೂರಿನ ಗುಡಿಯ ಕಲ್ಲುಗಳೋ ಗಾರೆಯಿಲ್ಲದೆ ಒಂದರ ಭಾರಕ್ಕೆ ಒಂದು ನಿಂತಿವೆ. ನಿಮ್ಮ ಅಧ್ಯಾಯಕ್ಕೆ ಬೇಕಾದದ್ದು ಎರಡನೆಯದು.

ಪದಗಳ ವಿಚಾರ. ಸಿಸ್ಟಮ್‌ನ ಗ್ರೀಕ್ ಮೂಲಪದದಲ್ಲಿ ‘ಒಟ್ಟಿಗೆ ನಿಲ್ಲು’ ಎಂಬ ಅರ್ಥವಿದೆ. ಸಂಸ್ಕೃತದಲ್ಲಿ ಅದಕ್ಕೆ ಸರಿಸಮ ಸಂ+ಸ್ಥಾ, ಅಂದರೆ ನಮ್ಮ ‘ಸಂಸ್ಥೆ’! ಅದು ಕಚೇರಿ, ಶಾಲೆಗಳ ಪಾಲಾಗಿದೆ, ಬಿಡೋಣ. ವ್ಯವಸ್ಥೆ ಎಂದರೆ ವಿ+ಅವ+ಸ್ಥಾ. ಅದರದರ ಜಾಗದಲ್ಲಿ ನೆಲೆಗೊಳಿಸುವುದು. ಕೂಡಿಕೆಗಿಂತ ವಿಂಗಡಣೆಯ ಕಡೆಗೆ ಅದರ ಒಲವು. ಭಾವದಲ್ಲಿ ತೀರಾ ಹತ್ತಿರ ಬರುವುದು ‘ವ್ಯೂಹ’: ಸೈನಿಕರು ಅವರೇ, ನಿಲ್ಲುವ ಬಗೆ ಬದಲಾದರೆ ಪಡೆಯ ಶಕ್ತಿಯೇ ಬೇರೆ. ಆದರೆ ಊರಿನಲ್ಲಿ ವ್ಯೂಹ ಅಂದರೆ ಚಕ್ರವ್ಯೂಹ, ಸಿಕ್ಕಿಬೀಳುವ ಜಾಗ. ಕೆರೆಯ ಪುಸ್ತಕಕ್ಕೆ ಒಗ್ಗದು. ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೆಯ ತರ್ಕದರ್ಶನದ, ಅವಯವ–ಅವಯವಿ (ಭಾಗ–ಇಡಿ) ಜೋಡಿ ಈ ಚರ್ಚೆಗೆಂದೇ ಹುಟ್ಟಿದ್ದು. ಅವಯವಿಯು ಅವಯವಗಳಿಗಿಂತ ಬೇರೆ ವಸ್ತು ಎಂದು ನೈಯಾಯಿಕರು, ಬರೀ ಗುಂಪು ಎಂದು ಬೌದ್ಧರು ಶತಮಾನಗಳ ಕಾಲ ವಾದಿಸಿದರು. ಇಂದು ಅವಯವ ಎಂದರೆ ಕೈಕಾಲು ಮಾತ್ರ. ನನ್ನ ಸಲಹೆ: ಭಾಗಕ್ಕೆ ‘ಬಿಡಿ’, ಸಮಗ್ರಕ್ಕೆ ‘ಇಡಿ’, ಸಿಸ್ಟಮ್‌ಗೆ ‘ಏರ್ಪಾಡು’. ‘ಏರ್ಪಡು’ ಎಂಬ ಕ್ರಿಯಾಪದ ತಾನಾಗಿ ಆಗುವುದಕ್ಕೂ ಸಲ್ಲುತ್ತದೆ. ‘ಅವರಲ್ಲಿ ಸ್ನೇಹ ಏರ್ಪಟ್ಟಿತು’ ಎನ್ನುತ್ತೇವಲ್ಲ, ಅಲ್ಲಿ ಮಾಡಿಕೊಟ್ಟವರು ಯಾರೂ ಇಲ್ಲ.

ಉದಾಹರಣೆ ಕೆರೆಯಲ್ಲೇ ಇದೆ. ಏರಿ (ಕೆರೆಯ ಕಟ್ಟೆ), ತೂಬು (ಕಾಲುವೆಗೆ ನೀರು ಬಿಡುವ ಬಾಗಿಲು), ಕೋಡಿ (ಹೆಚ್ಚಾದ ನೀರು ಹೊರಹರಿಯುವ ದಾರಿ), ಕಾಲುವೆ, ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು), ನೀರು ಬಿಡುವ ನೀರುಗಂಟಿ. ಒಂದರ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುವ ಸರಣಿ ಇದ್ದರೆ ಲೆಕ್ಕ ಹೀಗೆ: ಮೂರು ಕೆರೆಗಳಲ್ಲಿ ತಲಾ 10 ಪಾಲು ನೀರು ಹಿಡಿದರೆ ಒಟ್ಟು 30. ಸಂಗ್ರಹ ಮೊತ್ತವೇ, ಅದರಲ್ಲಿ ಅಚ್ಚರಿಯಿಲ್ಲ. ಒಡೆಯುವ ಅಪಾಯ ಮಾತ್ರ ಮೊತ್ತವಲ್ಲ. ಹೆಚ್ಚು ನೀರು ನಿಲ್ಲಲೆಂದು ಮೇಲಿನ ಕೆರೆಯ ಕೋಡಿಗೆ ಮರಳುಮೂಟೆ ಇಟ್ಟು ಒಂದೆರಡು ಅಡಿ ಎತ್ತರಿಸುತ್ತಾರೆ. ಕೋಡಿಗೂ ಏರಿಯ ತಲೆಗೂ ನಡುವೆ ಬಿಟ್ಟಿದ್ದ ಅಂತರ ಅಷ್ಟು ಕುಗ್ಗುತ್ತದೆ. ಜೋರು ಮಳೆ ಬಂದರೆ ನೀರು ಏರಿಯ ಮೇಲೆಯೇ ಹರಿದು ಹಿಂಬದಿಯ ಮಣ್ಣನ್ನು ಕೊರೆಯುತ್ತದೆ, ಏರಿ ಒಡೆಯುತ್ತದೆ. ಆಗ 10 ಪಾಲೂ ಒಮ್ಮೆಲೇ, ಆಗಲೇ ತುಂಬಿರುವ ಎರಡನೇ ಕೆರೆಗೆ ನುಗ್ಗುತ್ತದೆ. ಅದರ ಕೋಡಿಯ ಅಗಲ ಮಳೆನೀರಿಗೆ ಲೆಕ್ಕ ಹಾಕಿದ್ದು, ಇಷ್ಟು ಪ್ರವಾಹಕ್ಕಲ್ಲ. ಎರಡನೆಯದು ಒಡೆದರೆ ಮೂರನೆಯದರ ಮೇಲೆ 20. ಕೆಳಗಿನ ಎರಡು ಕೆರೆಗಳಲ್ಲಿ ಬಿಡಿಯಾಗಿ ನೋಡಿದರೆ ಒಂದು ದೋಷವೂ ಸಿಗುವುದಿಲ್ಲ. ದೋಷ ಇರುವುದು ಕೂಡಿಕೆಯಲ್ಲಿ. ಆದ್ದರಿಂದ ದುರಸ್ತಿಗೆ ಇಳಿಯುವ ಮುನ್ನ ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯ ಅಂಗಳದವರೆಗೆ ಕೋಡಿಹಳ್ಳದ ಗುಂಟ ನಡೆದು ನೋಡಿ ಎಂದು ಕೈಪಿಡಿಯಲ್ಲಿ ಖಂಡಿತ ಬರೆಯಿರಿ. ಹಳ್ಳ ಒತ್ತುವರಿಯಾಗಿದ್ದರೆ ಎರಡೂ ಕೆರೆ ಗಟ್ಟಿಯಿದ್ದೂ ಸರಣಿ ಸತ್ತಂತೆ.



ಕೊನೆಯದಾಗಿ ಹೊಸ ಗುಣಕ್ಕೆ ಪದ. ‘ಕೂಡುಗುಣ’ ಹೇಗೆ? ಕೂಡುಕುಟುಂಬ ಎಂಬ ಮಾದರಿ ಇದೆಯಲ್ಲ.

– ಅರಸೀಕೆರೆಯಿಂದ

*

‘ಕೂಡುಗುಣ’ಕ್ಕೆ ನನ್ನ ಮತ. ಇದಕ್ಕೆ ನಮ್ಮಲ್ಲಿ ಬಲು ಹಳೆಯ ದೃಷ್ಟಾಂತವೊಂದಿದೆ: ತಾಂಬೂಲ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಮೂರೂ ಕೂಡಿದಾಗ ಕೆಂಪು. ಜಡವಸ್ತುಗಳ ಕೂಡಿಕೆಯಿಂದ ಚೈತನ್ಯ ಹೀಗೆಯೇ ಹುಟ್ಟುತ್ತದೆ ಎಂಬುದು ಪ್ರಾಚೀನ ಭೌತವಾದಿಗಳಾದ ಚಾರ್ವಾಕರ ವಾದ. ಆ ಕೆಂಪಿಗೆ ಅಲ್ಲಿ ಬಳಸಿರುವ ಪದ ‘ರಾಗ’. ಕಾರಣವೂ ಈಗ ತಿಳಿದಿದೆ: ಅಡಿಕೆಯ ಒಗರಿನ ಅಂಶಗಳು ಸುಣ್ಣದ ಕ್ಷಾರದಲ್ಲಿ ಉತ್ಕರ್ಷಣಗೊಂಡು ಕೆಂಪಾಗುತ್ತವೆ. ಸುಣ್ಣ ಉಗುರುತುದಿಯಷ್ಟು ಸಾಕು, ಹೆಚ್ಚಾದರೆ ನಾಲಿಗೆ ಸುಡುತ್ತದೆ. ಡಬ್ಬಿ ತೆರೆದಿಟ್ಟು ಬಹಳ ದಿನವಾದರೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ. ನೋಡಲು ಅದೇ ಬಿಳುಪು, ಆದರೆ ಕ್ಷಾರ ಸಾಲದು, ಬಣ್ಣ ಏಳದು. ಬಿಡಿಗಳೆಲ್ಲ ಹಾಜರಿದ್ದೂ ಇಡಿ ಕೆಡುವುದು ಹೀಗೆ.

ಆದರೆ ‘ಕೂಡಿದರೆ ಸಾಕು’ ಎಂಬ ಭಾವ ಬಾರದಿರಲಿ. ಎಷ್ಟೆಷ್ಟು ಕೂಡಬೇಕು ಎಂಬುದೂ ಅರ್ಥದ ಭಾಗ. ಅದಕ್ಕೆ ಕನ್ನಡದಲ್ಲಿ ‘ಹದ’ ಎಂಬ ಒಳ್ಳೆಯ ಪದವಿದೆ. ಕಾಫಿ ತೋಟ ನೋಡಿ. ಮೇಲೆ ಅತ್ತಿ, ಬಸರಿಯಂಥ ಮರ, ಅದರ ಕೆಳಗೆ ಹಾಲುವಾಣದ ನೆರಳು, ಅದರಡಿ ಅರೇಬಿಕಾ. ಮರಗಸಿಯಲ್ಲಿ (ನೆರಳಿನ ಮರ ಸವರುವಾಗ) ಕೊಂಬೆ ಅತಿಯಾಗಿ ಕಡಿದರೆ ಬಿಸಿಲು ಕಾಫಿ ಗಿಡದ ಕಾಂಡಕ್ಕೆ ಬೀಳುತ್ತದೆ. ಬಿಳಿ ಕಾಂಡಕೊರಕದ ದುಂಬಿಗೆ ಮೊಟ್ಟೆಯಿಡಲು ಅಂಥ ಬೆಚ್ಚನೆಯ ಕಾಂಡದ ಬಿರುಕೇ ಬೇಕು. ಕಡಿಯುವುದನ್ನೇ ಬಿಟ್ಟರೆ ಹೂ ಕಡಿಮೆ, ಮಳೆಗಾಲದಲ್ಲಿ ಕೊಳೆರೋಗ. (ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಪದ ಸೇರಿಕೊಂಡಿದೆ.) ಮರವೂ ಅದೇ, ಗಿಡವೂ ಅದೇ, ಹದ ತಪ್ಪಿದ್ದರಿಂದ ಫಲ ಬೇರೆ.

ಒಂದು ಆಕ್ಷೇಪ: ಇಲ್ಲಿ ‘ಏರ್ಪಾಡು’ ನನಗೆ ಒಪ್ಪಿಗೆಯಿಲ್ಲ. ಸ್ನೇಹ ‘ಏರ್ಪಟ್ಟಿತು’ ನಿಜ, ಆದರೆ ‘ಏರ್ಪಾಡು’ ಎಂಬ ನಾಮಪದದಲ್ಲಿ ಮಾಡಿದವರು ಇದ್ದೇ ಇರುತ್ತಾರೆ, ಮದುವೆ ಏರ್ಪಾಡಿನ ಹಾಗೆ. ವ್ಯವಸ್ಥೆಗಿರುವ ದೋಷ ಅದಕ್ಕೂ ಇದೆ. ಎರಡಕ್ಕೂ ಒಂದೇ ದೋಷವಿದ್ದಾಗ ಬಳಕೆಯಲ್ಲಿ ಬೇರೂರಿರುವ ‘ವ್ಯವಸ್ಥೆ’ಯನ್ನು ಕೀಳುವುದು ಏಕೆ?

– ಮೂಡಿಗೆರೆಯಿಂದ

*

ಇಬ್ಬರಿಗೂ ಧನ್ಯವಾದ. ‘ವ್ಯವಸ್ಥೆ’ ಉಳಿಸಿಕೊಂಡು ವಾಕ್ಯವನ್ನು ಹೀಗೆ ತಿದ್ದಿದ್ದೇವೆ: ‘ಕೆರೆ ವ್ಯವಸ್ಥೆಯ ಬಿಡಿಗಳನ್ನು ಕೂಡಿಸಿ ಎಣಿಸಿದರೆ ಸಿಗುವುದೇ ಬೇರೆ, ಅವು ಕೂಡಿ ನಡೆದಾಗ ಆಗುವುದೇ ಬೇರೆ.’ ಗಾದೆ ತೆಗೆದು ಚಪ್ಪಾಳೆಯ ಮಾತು ಹಾಕಿದೆವು.

‘ಕೂಡುಗುಣ’ದ ಬಗ್ಗೆ ಒಂದು ಅಳುಕು ಉಳಿದಿದೆ. ‘ಜ್ವರ ಗುಣವಾಯಿತು’, ‘ಗುಣವಂತ’ ಎನ್ನುವಾಗ ಗುಣ ಒಳ್ಳೆಯದೇ. ಸಾಲಾಗಿ ಕೆರೆ ಒಡೆಯುವುದನ್ನೂ ಕೂಡುಗುಣ ಎಂದರೆ ಓದುಗರು ಒಪ್ಪುವರೇ? ‘ಕೆಟ್ಟ ಗುಣ’ ಎನ್ನುವ ಬಳಕೆ ಇರುವುದರಿಂದ ನಡೆದೀತು ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇವೆ. ಒಡೆಯುವ ಭಾಗದಲ್ಲಿ ಮಾತ್ರ ‘ಕೂಡುದೋಷ’ ಎಂದು ಬರೆದರೆ ಹೇಗೆ?

– ಹಾಸನದಿಂದ