ಸಹಾಯ ಬೇಕು: ಕ್ಯಾಸ್ಪೇಸ್-3ರ ಸಣ್ಣ ತುಂಡು ಬ್ಲಾಟ್‌ನಲ್ಲಿ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಮಾಡಿ ಅನುಭವ ಇರುವವರು ದಯವಿಟ್ಟು ಸ್ವಲ್ಪ ನೋಡಿ.

ಹೀಲಾ ಜೀವಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಸ್ಟಾರೋಸ್ಪೊರಿನ್ ಎಂಬ ರಾಸಾಯನಿಕ ಹಾಕಿ ಅಪೊಪ್ಟೋಸಿಸ್ (ಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಕ್ರಿಯೆ) ಶುರು ಮಾಡಿಸುತ್ತಿದ್ದೇನೆ. ಈ ಕ್ರಿಯೆಯಲ್ಲಿ ಬೇರೆ ಪ್ರೋಟೀನ್‌ಗಳನ್ನು ಕತ್ತರಿಸುವ ಕ್ಯಾಸ್ಪೇಸ್-3 ಮೊದಲು ಸುಮಾರು 35 ಕಿಲೋಡಾಲ್ಟನ್‌ನ ನಿಷ್ಕ್ರಿಯ ಪ್ರೋಟೀನ್ ಆಗಿರುತ್ತದೆ. ಅದೇ ಗುಂಪಿನ ಕ್ಯಾಸ್ಪೇಸ್-9 ಅದನ್ನು ಕತ್ತರಿಸಿದಾಗ 17 ಮತ್ತು 12ರ ತುಂಡುಗಳಾಗಿ ಕೆಲಸ ಶುರು ಮಾಡುತ್ತದೆ. ನನ್ನ ಬ್ಲಾಟ್‌ನಲ್ಲಿ 35ರ ಪಟ್ಟಿ ಮಸುಕಾಗುತ್ತಿದೆ, ಆದರೆ 17ರ ಹತ್ತಿರ ಏನೂ ಇಲ್ಲ!

ವಿಚಿತ್ರ ಅಂದರೆ ಕ್ಯಾಸ್ಪೇಸ್-3 ಕತ್ತರಿಸುವ ಪಾರ್ಪ್-1 ಎಂಬ ಪ್ರೋಟೀನ್ ಚೆನ್ನಾಗಿ ತುಂಡಾಗಿದೆ. 116ರ ಜೊತೆ 89ರ ಪಟ್ಟಿಯೂ ಸ್ಪಷ್ಟವಾಗಿದೆ. ಅಂದರೆ ಕೋಶಗಳು ಸಾಯುತ್ತಿರುವುದು ನಿಜ, ಅಲ್ವಾ? ತೇಲುವ ಕೋಶಗಳನ್ನೂ ಬಿಡದೆ ಸೇರಿಸಿಕೊಂಡಿದ್ದೇನೆ. ಆಂಟಿಬಾಡಿ ಕ್ಯಾಸ್ಪೇಸ್-3ರ ಇಡೀ ಮತ್ತು ತುಂಡಾದ ಎರಡೂ ರೂಪಗಳನ್ನು ಹಿಡಿಯುವಂಥದ್ದು.

ನನ್ನ ಅನುಮಾನ ಮೆಂಬ್ರೇನ್ (ಪ್ರೋಟೀನ್‌ಗಳನ್ನು ಹಿಡಿದಿಡುವ ತೆಳು ಹಾಳೆ) ಮೇಲೆ. ಈಗ ಬಳಸುತ್ತಿರುವುದು 0.45 ಮೈಕ್ರಾನ್ ರಂಧ್ರಗಳದ್ದು. ಇಷ್ಟು ಸಣ್ಣ ಪ್ರೋಟೀನ್ ಅದರಿಂದ ಆಚೆ ಹೋಗುತ್ತಿರಬಹುದಾ? 0.2ಕ್ಕೆ ಬದಲಾಯಿಸಿದವರಿಗೆ ವ್ಯತ್ಯಾಸ ಕಂಡಿದೆಯಾ? ಜೆಲ್‌ನಿಂದ ಮೆಂಬ್ರೇನ್‌ಗೆ ಟ್ರಾನ್ಸ್‌ಫರ್ ಸಮಯ ಎಷ್ಟು ಕಡಿಮೆ ಮಾಡಿದಿರಿ, ಆ ದ್ರಾವಣದಲ್ಲಿ ಮೆಥನಾಲ್ ಎಷ್ಟು ಇಟ್ಟಿರಿ?

ಇನ್ನೊಂದು ವಿಷಯ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಕ್ಯಾಸ್ಪೇಸ್-3 ಜೀನ್‌ನ ಒಂದು ತುಣುಕು ಕಳೆದುಹೋಗಿರುವುದರಿಂದ ಈ ಪ್ರೋಟೀನ್ ಇರುವುದಿಲ್ಲ. ಆ ಕೋಶಗಳನ್ನೇ ನೆಗೆಟಿವ್ ಕಂಟ್ರೋಲ್ (ಪಟ್ಟಿ ಬರಬಾರದ ಹೋಲಿಕೆ ಮಾದರಿ) ಆಗಿ ಹಾಕೋಣ ಅಂತಿದ್ದೇನೆ. ಬಳಸಿ ನೋಡಿದವರಿದ್ದರೆ ಹೇಳಿ. ಈ ಪಟ್ಟಿ ಸಿಗದೆ ಮುಂದಿನ ಕೆಲಸವೆಲ್ಲ ನಿಂತಿದೆ. ಸಣ್ಣ ಸಲಹೆಯೂ ನನಗೆ ತುಂಬಾ ಉಪಯೋಗವಾಗುತ್ತದೆ.