ಗ್ರಾಹಕರ ಆಯೋಗದ ಆದೇಶ ಕೈಯಾಗೈತಿ, ಕಾಂಟ್ರ್ಯಾಕ್ಟರ್ ದುಡ್ಡು ಕೊಡವಲ್ಲ: ವಸೂಲಿ ಮಾಡಿದವರು ಹೇಳ್ರಿ

ಬಾಗಲಕೋಟೆ ನವನಗರದಿಂದ, ಕೇಳಿದವರು:
ಮನಿ ಮ್ಯಾಲೆ ಇನ್ನೊಂದು ಅಂತಸ್ತು ಕಟ್ಟಾಕ ನಾನು, ನಮ್ಮ ಮನಿಯವ್ರು ಸೇರಿ ಒಬ್ಬ ಕಾಂಟ್ರ್ಯಾಕ್ಟರ್‌ಗೆ ಕೆಲಸ ಕೊಟ್ಟಿದ್ವಿ. ಸ್ಲ್ಯಾಬ್ ಸೋರ್ತೈತಿ, ಗಿಲಾವ್ ಉದುರ್ತೈತಿ, ಅರ್ಧಕ್ಕ ಬಿಟ್ಟು ಹೋದ. ಜಿಲ್ಲಾ ಗ್ರಾಹಕರ ಆಯೋಗದಾಗ ಕೇಸ್ ಹಾಕಿದ್ವಿ. 3,20,000 ರೂಪಾಯಿ ಬಡ್ಡಿ ಸಮೇತ ವಾಪಸ್ ಕೊಡು ಅಂತ ಆದೇಶ ಆಗೇತಿ. ಅವಧಿ ಮುಗಿದ್ರೂ ಒಂದು ರೂಪಾಯಿ ಬಂದಿಲ್ಲ, ಫೋನ್ ಎತ್ತೂದಿಲ್ಲ, ಅಪೀಲಿಗೂ ಹೋಗಿಲ್ಲ. ಆದ್ರ ಮುಧೋಳ ಕಡೆ ಬ್ಯಾರೆ ಮನಿ ಕಟ್ಟಾಕತ್ತಾನ. ಮುಂದೇನು ಮಾಡಬೇಕ್ರಿ?

ಜಮಖಂಡಿಯಿಂದ:
ಅಕ್ಕಾರ, ನಮಗೂ ಇದ ಆಗಿತ್ತು. ಕೊನಿಗೆ ದುಡ್ಡು ಬಂತು, ಅದಕ್ಕ ಬರ್ಯಾಕತ್ತೀನಿ. ಆದೇಶ ಆತಂದ್ರ ಆಯೋಗದವರ ವಸೂಲಿ ಮಾಡಿ ಕೊಡ್ತಾರ ಅಂತ ಬಾಳ ಮಂದಿ ಕಾಯ್ಕೋತ ಕುಂದರ್ತಾರ. ಹಂಗಿಲ್ರಿ. ನೀವ ಮತ್ತ ಅಮಲ್ಜಾರಿ ಅರ್ಜಿ, ಅಂದ್ರ ಆದೇಶ ಜಾರಿ ಮಾಡಸ್ರಿ ಅಂತ ಅರ್ಜಿ, ಹಾಕಬೇಕು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 71ನೇ ಕಲಂ ಪ್ರಕಾರ ಆಯೋಗದ ಆದೇಶ ಸಿವಿಲ್ ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಇದ್ದಂಗ. ಬ್ಯಾಂಕ್ ಖಾತೆ, ಗಾಡಿ, ಜಾಗ ಜಪ್ತಿ ಮಾಡಸಾಕ ಬರ್ತೈತಿ. ಆದ್ರ ಅವು ಎಲ್ಲೆಲ್ಲಿ ಅದಾವು ಅಂತ ಹುಡುಕಿ ಕೊಡೂದು ನಮ್ಮ ಕೆಲಸ. "ಅವನ ಆಸ್ತಿ ಜಪ್ತಿ ಮಾಡ್ರಿ" ಅಂತ ಮೋಘಮ್ ಬರದ್ರ ಅರ್ಜಿ ಅಲ್ಲೇ ಬಿದ್ದಿರ್ತೈತಿ. ಯಾವ ಬ್ಯಾಂಕ್, ಯಾವ ಶಾಖೆ, ಯಾವ ಸರ್ವೆ ನಂಬರ್ ಅಂತ ಬರೀಬೇಕು.

ನಾವು ಮೊದಲ ನಮ್ಮ ದುಡ್ಡು ಹೋದ ದಾರಿ ಹಿಡಿದ್ವಿ. ಅಡ್ವಾನ್ಸ್ ಎನ್‌ಇಎಫ್‌ಟಿ ಮಾಡಿದ್ದ ರಸೀತಿಯೊಳಗ ಅವನ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಎರಡೂ ಇದ್ವು. ಕೋಡ್ ಹಾಕಿ ನೋಡಿದ್ರ ಶಾಖೆ ಹೆಸರು ಬರ್ತೈತಿ. ಚೆಕ್ ಕೊಟ್ಟಿದ್ರ, ಅದು ಯಾವ ಬ್ಯಾಂಕಿನಿಂದ ಕ್ಲಿಯರಿಂಗಿಗೆ ಬಂತು ಅಂತ ನಿಮ್ಮ ಬ್ಯಾಂಕಿನ್ಯಾಗ ಕೇಳ್ರಿ.

ಆ ಖಾತೆದಾಗ ಸಿಕ್ಕಿದ್ದು ಸ್ವಲ್ಪ. ಉಳಿದಿದ್ದೆಲ್ಲ ಕಬ್ಬಿನಿಂದ ಬಂತು. ನಮ್ಮ ಭಾಗದಾಗ ಕಾಂಟ್ರ್ಯಾಕ್ಟರ್ ಆದ್ರೂ ಊರಾಗ ಹೊಲ ಇರೂದು ಸಾಮಾನ್ಯ. ಉತಾರ (ಪಹಣಿ) ತಗಸಿದ್ವಿ. ಹೊಲ ಅವನ ಹೆಸರಿಲೆ ಇತ್ತು, ಬೆಳಿ ಕಾಲಮ್ಮಿನ್ಯಾಗ ಕಬ್ಬು. ಕಾರ್ಖಾನೆ ಅವಗ ಕೊಡಬೇಕಾದ ಬಿಲ್ಲೂ ಒಂದು ಬಾಕಿನ. ಅದನ್ನ ನಮ್ಮ ಕೇಸಿಗೆ ಕಟ್ಟಸ್ರಿ ಅಂತ ನಮ್ಮ ವಕೀಲರು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 46ಎ ನಿಯಮದಡಿ ಅರ್ಜಿ ಕೊಟ್ಟರು. ಕಾರ್ಖಾನೆಗೆ ನೋಟಿಸ್ ಹೋತು, ಬಿಲ್ ನಿಂತು. ಫೋನ್ ಎತ್ತಲಾರದಾವ ತಾನ ನಮ್ಮ ಮನಿ ಬಾಗಲಿಗೆ ಬಂದ. ಮುಧೋಳದಾಗ ನಿಮ್ಮ ಕಾಂಟ್ರ್ಯಾಕ್ಟರ್ ಕಡೆ ಮನಿ ಕಟ್ಟಸಾಕತ್ತವರು ಅವಗ ಇನ್ನೂ ದುಡ್ಡು ಕೊಡೂದಿದ್ರ, ಇದ ನಿಯಮ ಅವರಿಗೂ ಹತ್ತತೈತಿ. ಸರ್ಕಾರಿ ಕೆಲಸದ ಬಿಲ್ ಬಾಕಿ ಇದ್ರೂ ವಕೀಲರಿಗೆ ಹೇಳ್ರಿ.

ಬೆಳಗಾವಿಯಿಂದ:
ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವನು ನಾನು. 71ರ ಜೊತೆಗೆ 72ನೇ ಕಲಮಿನ ಅರ್ಜಿಯನ್ನೂ ಹಾಕಿ. ಆದೇಶ ಪಾಲಿಸದವನಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಯಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ದಂಡದ ಹಣ ನಿಮ್ಮ ಕೈಗೆ ಬರುವುದಲ್ಲ. ಆದರೆ ವಾರಂಟ್ ಮನೆಗೆ ಬಂದರೆ ಎಷ್ಟೋ ಜನ ಹಣ ಹೊಂದಿಸುತ್ತಾರೆ. ವಾರಂಟ್ ಠಾಣೆಗೆ ತಲುಪಿತೇ ಎಂದು ನೀವೇ ವಿಚಾರಿಸುತ್ತಿರಬೇಕು, ಅವನು ಈಗ ಕೆಲಸ ಮಾಡುವ ಸೈಟಿನ ವಿಳಾಸವನ್ನೂ ಕೊಡಬೇಕು. ಹಳೆಯ ವಿಳಾಸ ಮಾತ್ರ ಇದ್ದರೆ "ಸಿಗಲಿಲ್ಲ" ಎಂಬ ಷರಾದೊಂದಿಗೆ ವಾಪಸ್ ಬರುತ್ತದೆ.

ಆಸ್ತಿ ಗೊತ್ತಾಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಅದೇ 21ನೇ ಆದೇಶದ 41ನೇ ನಿಯಮ ಇದೆ. ತನ್ನ ಆಸ್ತಿ ಏನೇನು ಎಂದು ಅವನೇ ಪ್ರಮಾಣಪತ್ರ ಸಲ್ಲಿಸುವಂತೆ ಆದೇಶ ಕೇಳಬಹುದು. ಸಲ್ಲಿಸದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಅಪೀಲಿಗೆ 45 ದಿನದ ಅವಧಿ. ತಡವಾಗಿ ಹೋದರೂ ಆದೇಶದ ಅರ್ಧ ಹಣ ಮೊದಲು ಕಟ್ಟಬೇಕು. ತಡೆಯಾಜ್ಞೆ ಇಲ್ಲದಿದ್ದರೆ ನೀವು ನಿಲ್ಲಿಸಬೇಕಾಗಿಲ್ಲ.

ಮುಧೋಳದಿಂದ:
ಒಂದು ಮಾತು. ಮಂದಿ ಕರ್ಕೊಂಡು ಹೋಗಿ ಅವನ ಮಿಕ್ಸರ್, ಸೆಂಟ್ರಿಂಗ್ ಪ್ಲೇಟ್ ಎತ್ತಿಕೊಂಡು ಬರಬ್ಯಾಡ್ರಿ. ನಮ್ಮ ಮಾವನವರಿಗೆ ಹಂಗ ಮಾಡ್ರಿ ಅಂತ ಹೇಳಿದವರು ಬಾಳ ಮಂದಿ ಇದ್ರು. ಮಾಡಿದ್ರ ಕೇಸ್ ನಿಮ್ಮ ಮ್ಯಾಲೆ ಆಗ್ತೈತಿ. ಜಪ್ತಿ ಏನಿದ್ರೂ ಬೇಲೀಫರ (ಜಪ್ತಿ ಮಾಡೂ ಕೋರ್ಟಿನ ಸಿಬ್ಬಂದಿ) ಕೈಲೆ ಆಗಬೇಕು.

ವಿಜಯಪುರದಿಂದ:
ನಮ್ಮದು ಸಿವಿಲ್ ಕೋರ್ಟಿನ ಡಿಕ್ರಿ. ಎರಿ ಭೂಮಿಯೊಳಗ ಪಾಯಾ ಆಳಕ್ಕ ಒಯ್ಯಲಿಲ್ಲ, ಗೋಡೆ ತುಂಬ ಬಿರುಕು. ಡಿಕ್ರಿ ಆಗೂದ್ರೊಳಗ ಅವ ಸೊಲ್ಲಾಪುರಕ್ಕ ಹೋದ. ಮಹಾರಾಷ್ಟ್ರಕ್ಕ ಹೋದ್ರ ಕೈ ಬಿಟ್ಟು ಹೋತು ಅಂತ ತಿಳೀಬ್ಯಾಡ್ರಿ. ಡಿಕ್ರಿನ ಅಲ್ಲಿನ ಕೋರ್ಟಿಗೆ ವರ್ಗ ಮಾಡಸಾಕ ಬರ್ತೈತಿ, ಸಂಹಿತೆಯ 39ನೇ ಕಲಂ. ಸಿವಿಲ್ ಡಿಕ್ರಿಗೆ 12 ವರ್ಷ ಅವಧಿ ಐತಿ ಖರೆ, ಆದ್ರ ಅಷ್ಟರಾಗ ಆಸ್ತಿ ಹೆಂಡತಿ ಹೆಸರಿಗೆ, ಮಕ್ಕಳ ಹೆಸರಿಗೆ ಹೋಗಿರ್ತೈತಿ. ತಡ ಮಾಡಬ್ಯಾಡ್ರಿ.

ನವನಗರದಿಂದ, ಕೇಳಿದವರು:
ಎಲ್ಲಾರಿಗೂ ಶರಣು. ಎನ್‌ಇಎಫ್‌ಟಿ ರಸೀತಿ ಸಿಕ್ಕಾವು. ಊರಾಗ ಕಬ್ಬೂ ಐತಂತ. ನಿನ್ನೆ ಅವನ ತಮ್ಮ ಬಂದು, ಎರಡು ಲಕ್ಷಕ್ಕ ಮುಗಸೂಣು, ಚೆಕ್ ಕೊಡ್ತೀವಿ, ಕೇಸ್ ತಗೀರಿ ಅಂದ. ತಗೊಳ್ಳೂದಾ?

ಬೆಳಗಾವಿಯಿಂದ:
ಕಡಿಮೆ ಮೊತ್ತಕ್ಕೆ ಒಪ್ಪುವುದು ಬಿಡುವುದು ನಿಮ್ಮ ಇಷ್ಟ. ಆದರೆ ಹಣ ಖಾತೆಗೆ ಜಮಾ ಆಗುವ ಮೊದಲು "ಪೂರ್ತಿ ಮುಟ್ಟಿದೆ" ಎಂದು ಎಲ್ಲಿಯೂ ಸಹಿ ಹಾಕಬೇಡಿ. ಡಿಡಿ ತಂದು ಆಯೋಗದ ಮುಂದೆಯೇ ಕೊಡಲಿ. ಚೆಕ್ಕೇ ಎಂದರೆ, ಅದು ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಹೋಗಬೇಕು.

ಜಮಖಂಡಿಯಿಂದ:
ಅಕ್ಕಾರ, ತಮ್ಮನ್ನ ಕಳಿಸ್ಯಾನ ಅಂದ್ರ ಅವಗ ಬಿಸಿ ತಟ್ಟೇತಿ. ಮಾತುಕತಿ ನಡೀಲಿ, ಅರ್ಜಿನೂ ಹೋಗಲಿ. ಕಬ್ಬು ಕಳಿಸಿದ 14 ದಿನದಾಗ ಬಿಲ್ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಿ. ಕೆಲವೊಮ್ಮೆ ತಡಾ ಆಗ್ತೈತಿ, ಆದ್ರ ಅದನ್ನ ನಂಬಿ ಕುಂದರಬ್ಯಾಡ್ರಿ. ಹಂಗಾಮು ಶುರು ಆಗೂ ಮೊದಲ ಕಾರ್ಖಾನೆಗೆ ನೋಟಿಸ್ ಮುಟ್ಟಬೇಕು. ಅದಕ್ಕ ಈ ವಾರನ ಉತಾರ ತಗಸ್ರಿ, ಹೊಲ ಯಾರ ಹೆಸರಿಲೆ ಐತಿ ನೋಡಿ ಇಲ್ಲೇ ಹೇಳ್ರಿ.